ಹಕ್ಕಿಯ ಚಿತ್ರಕ್ಕೆ ಎಂಥ ಐಪೀಸ್ ಬೇಕು? ಸ್ಪಾಟಿಂಗ್ ಸ್ಕೋಪ್ ಕೊಳ್ಳುವವರಿಗೆ ಒಂದು ಕೈಪಿಡಿ

ಜನವರಿಯ ಬೆಳಿಗ್ಗೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯ ಏರಿಯ ಮೇಲೆ ನಿಂತರೆ, ಚಳಿಗಾಲ ಕಳೆಯಲೆಂದು ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ನೀರಿನ ನಡುವೆ ಬೂದುಬಣ್ಣದ ಗುಂಪಾಗಿ ಕಾಣುತ್ತವೆ. ಸಾಮಾನ್ಯ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ, ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳು ಇವೆಯೋ ಇಲ್ಲವೋ ಎಂಬ ಅನುಮಾನ ಉಳಿದುಬಿಡುತ್ತದೆ. ಟ್ರೈಪಾಡಿನ ಮೇಲೊಂದು ಸ್ಪಾಟಿಂಗ್ ಸ್ಕೋಪ್, ಅಂದರೆ ಒಂಟಿಗಣ್ಣಿನಿಂದ ನೋಡುವ ದುರ್ಬೀನು ಇಟ್ಟು, ಅದರ ಐಪೀಸಿಗೆ ಮೊಬೈಲ್ ಜೋಡಿಸಿದವರಿಗೆ ಆ ಪಟ್ಟೆಗಳಷ್ಟೇ ಅಲ್ಲ, ಕಣ್ಣೂ ದಕ್ಕುತ್ತದೆ. ಈ ವಿದ್ಯೆಗೆ ಡಿಜಿಸ್ಕೋಪಿಂಗ್ ಎಂದು ಹೆಸರು. ಮಲೇಷ್ಯಾದ ಪಕ್ಷಿವೀಕ್ಷಕ ಲಾರೆನ್ಸ್ ಪೋ ಅವರು 1999ರಲ್ಲಿ ತಮ್ಮ ಸಣ್ಣ ಡಿಜಿಟಲ್ ಕ್ಯಾಮೆರಾವನ್ನು ಸ್ಕೋಪಿಗೆ ಒತ್ತಿಹಿಡಿದು ಚಿತ್ರ ತೆಗೆದು ಇದನ್ನು ಜಗತ್ತಿಗೆ ಪರಿಚಯಿಸಿದರು. ಇಂದು ಆ ಸಣ್ಣ ಕ್ಯಾಮೆರಾದ ಜಾಗಕ್ಕೆ ಎಲ್ಲರ ಜೇಬಿನಲ್ಲಿರುವ ಮೊಬೈಲ್ ಬಂದಿದೆ.

ಸ್ಕೋಪ್ ಕೊಳ್ಳುವಾಗ ನಾವು ಮುಂದಿನ ಮಸೂರದ ಅಗಲ, ಗಾಜಿನ ಗುಣಮಟ್ಟ, ತೂಕ, ಬೆಲೆ ಎಲ್ಲವನ್ನೂ ವಿಚಾರಿಸುತ್ತೇವೆ; ಕಣ್ಣಿಡುವ ಕಡೆಯ ಮಸೂರವಾದ ಐಪೀಸಿನ ಬಗ್ಗೆ ಮಾತ್ರ ‘ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಎಂಬ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗುತ್ತೇವೆ. ನಾನೂ ಹಾಗೆಯೇ ಮಾಡಿದವನು. 20ರಿಂದ 60 ಪಟ್ಟಿನವರೆಗೆ ಜೂಮ್ ಆಗುವ ಐಪೀಸ್ ಇರುವ ಸ್ಕೋಪ್ ಕೊಂಡು, ಮರುದಿನವೇ ಕುಕ್ಕರಹಳ್ಳಿ ಕೆರೆಗೆ ಹೋಗಿ ನಡುಗಡ್ಡೆಯ ಮರದಲ್ಲಿ ರೆಕ್ಕೆ ಹರಡಿ ಕುಳಿತ ಹಾವಕ್ಕಿಗೆ ಗುರಿಯಿಟ್ಟೆ. 20 ಪಟ್ಟಿನಲ್ಲಿ ಮೊಬೈಲಿನ ಪರದೆಯ ನಡುವೆ ನಾಣ್ಯದಷ್ಟು ಚಿತ್ರವೂ ಸುತ್ತ ಕಪ್ಪು ಕತ್ತಲೆಯೂ ಕಂಡವು. 60 ಪಟ್ಟಿಗೆ ತಿರುಗಿಸಿದರೆ ಕಪ್ಪು ಕಡಿಮೆಯಾಯಿತು, ಆದರೆ ಹಕ್ಕಿ ಹಾಲಿನಲ್ಲಿ ಅದ್ದಿದಂತೆ ಮಂಕಾಯಿತು. ಸ್ಕೋಪಿನಲ್ಲಿ ದೋಷವಿರಲಿಲ್ಲ, ನಾನು ಆರಿಸಿದ ಐಪೀಸ್ ನೋಡುವುದಕ್ಕೆ ತಕ್ಕದ್ದಾಗಿತ್ತು, ಚಿತ್ರ ತೆಗೆಯುವುದಕ್ಕೆ ತಕ್ಕದ್ದಾಗಿರಲಿಲ್ಲ.

ಮೊದಲು ತಿಳಿಯಬೇಕಾದದ್ದು, ನಿಮ್ಮ ಸ್ಕೋಪಿನ ಐಪೀಸ್ ಬಿಚ್ಚಲು ಬರುತ್ತದೆಯೇ ಎಂಬುದು. ಕಡಿಮೆ ಬೆಲೆಯ ಹಲವು ಸ್ಕೋಪುಗಳಲ್ಲಿ ಜೂಮ್ ಐಪೀಸನ್ನು ದೇಹಕ್ಕೇ ಶಾಶ್ವತವಾಗಿ ಜೋಡಿಸಿರುತ್ತಾರೆ; ಅಂಥದ್ದನ್ನು ಕೊಂಡ ಮೇಲೆ ಆಯ್ಕೆಯ ಮಾತೇ ಇಲ್ಲ. ಕೋವಾ, ನಿಕಾನ್, ಲೈಕಾ, ಝೈಸ್‌ನಂಥ ಹೆಸರಾಂತ ತಯಾರಕರ ಸ್ಕೋಪುಗಳಲ್ಲಿ ಐಪೀಸ್ ಬದಲಿಸಲು ಬರುವುದು ಹೆಚ್ಚು, ಆದರೆ ಒಬ್ಬರ ಐಪೀಸ್ ಇನ್ನೊಬ್ಬರ ಸ್ಕೋಪಿಗೆ ಕೂರುವುದಿಲ್ಲ, ಕೆಲವೊಮ್ಮೆ ಒಂದೇ ಕಂಪನಿಯ ಹಳೆಯ ಮಾದರಿಯದು ಹೊಸ ಮಾದರಿಗೂ ಕೂರುವುದಿಲ್ಲ. ಆದ್ದರಿಂದ ದೇಹವನ್ನು ಕೊಳ್ಳುವ ಮೊದಲೇ ಅದಕ್ಕೆ ಯಾವ ಯಾವ ಐಪೀಸುಗಳು ಸಿಗುತ್ತವೆ, ಅವುಗಳಲ್ಲಿ ಜೂಮ್ ಇಲ್ಲದ ಅಗಲ ನೋಟದ್ದು ಒಂದಾದರೂ ಇದೆಯೇ ಎಂದು ವಿಚಾರಿಸಿಕೊಳ್ಳುವುದು ಲೇಸು.

ಇನ್ನು ‘ಅಗಲ ನೋಟ’ ಎಂದೆನಲ್ಲ, ಇಡೀ ವಿಷಯದ ತಿರುಳಿರುವುದು ಅಲ್ಲಿಯೇ. ಐಪೀಸಿಗೆ ಕಣ್ಣಿಟ್ಟಾಗ ಕಾಣುವ ಬೆಳಕಿನ ವೃತ್ತವು ನಮ್ಮ ಕಣ್ಣಿನ ಮುಂದೆ ಎಷ್ಟು ಡಿಗ್ರಿ ಅಗಲವಾಗಿ ಹರಡಿಕೊಂಡಂತೆ ತೋರುತ್ತದೆ ಎಂಬ ಅಳತೆಯನ್ನು ತಯಾರಕರು ವಿವರಪಟ್ಟಿಯಲ್ಲಿ ಅಪ್ಯಾರೆಂಟ್ ಫೀಲ್ಡ್ (ತೋರಿಕೆಯ ಕೋನ) ಎಂದು ಕೊಟ್ಟಿರುತ್ತಾರೆ. ಜೂಮ್ ಇಲ್ಲದ ಒಳ್ಳೆಯ ಸ್ಥಿರ ಐಪೀಸುಗಳಲ್ಲಿ ಇದು 65 ಡಿಗ್ರಿಯ ಆಸುಪಾಸಿನಲ್ಲಿ ಅಥವಾ ಅದಕ್ಕೂ ಹೆಚ್ಚಿರುತ್ತದೆ. ಸಾಧಾರಣ 20–60 ಜೂಮ್ ಐಪೀಸಿನಲ್ಲಾದರೋ 20 ಪಟ್ಟಿನ ತುದಿಯಲ್ಲಿ ಸುಮಾರು 40 ಡಿಗ್ರಿ ಇದ್ದು, 60ರ ಕಡೆಗೆ ಹೋದಂತೆ 60 ಡಿಗ್ರಿಗೆ ಏರುತ್ತದೆ. ಅಂದರೆ ಬೆಳಕು ಹೆಚ್ಚಿರುವ, ಚಿತ್ರಕ್ಕೆ ಅನುಕೂಲವಾದ ಕಡಿಮೆ ಪಟ್ಟಿನಲ್ಲಿಯೇ ನೋಟ ಕಿರಿದಾಗಿರುತ್ತದೆ. ಕೊಳವೆಯೊಳಗಿಂದ ಇಣುಕಿದ ಹಾಗೆ.

ಕಣ್ಣಿಗೆ ಇದು ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಮೊಬೈಲಿಗೆ ಕೊಡುತ್ತದೆ. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ 26 ಮಿ.ಮೀ. ಲೆನ್ಸಿಗೆ ಸಮನಾಗಿದ್ದು, ಮೂಲೆಯಿಂದ ಮೂಲೆಗೆ ಸುಮಾರು 80 ಡಿಗ್ರಿ ನೋಡುತ್ತದೆ. ಐಪೀಸ್ ಕೊಡುವುದು 66 ಡಿಗ್ರಿಯಾದರೆ, ಮೂಲೆಗಳ ಕಪ್ಪು ಹೋಗಲು ಮೊಬೈಲಿನಲ್ಲಿ 1.3ರಷ್ಟು ಜೂಮ್ ಮಾಡಿದರೆ ಸಾಕು, ಸೆನ್ಸರಿನ ಅರ್ಧಕ್ಕಿಂತ ಹೆಚ್ಚು ಭಾಗ ಬಳಕೆಯಲ್ಲಿ ಉಳಿಯುತ್ತದೆ. ಐಪೀಸ್ ಕೊಡುವುದು 40 ಡಿಗ್ರಿಯಾದರೆ 2.3ರಷ್ಟು ಜೂಮ್ ಮಾಡಬೇಕಾಗುತ್ತದೆ, ಆಗ ಉಳಿಯುವುದು ಸೆನ್ಸರಿನ ಐದನೆಯ ಒಂದು ಭಾಗಕ್ಕೂ ಕಡಿಮೆ. ಸ್ಕೋಪಿಗೆ ಸಾವಿರಾರು ರೂಪಾಯಿ ಸುರಿದು, ಮೊಬೈಲಿನ ಪಿಕ್ಸೆಲ್‌ಗಳಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಕಪ್ಪು ಬಣ್ಣಕ್ಕೆ ದಾನ ಮಾಡಿದಂತಾಯಿತು. ನನ್ನ ಹಾವಕ್ಕಿ ನಾಣ್ಯದೊಳಗೆ ಸಿಕ್ಕಿಬಿದ್ದದ್ದು ಹೀಗೆ.

ಅಗಲ ನೋಟದಿಂದ ಇನ್ನೊಂದು ಪ್ರಯೋಜನವಿದೆ, ಅದು ಹಕ್ಕಿಯನ್ನು ಹುಡುಕುವುದಕ್ಕೆ ಸಂಬಂಧಿಸಿದ್ದು. ತೋರಿಕೆಯ ಕೋನವನ್ನು ಪಟ್ಟಿನಿಂದ ಭಾಗಿಸಿದರೆ ನಿಜವಾಗಿ ಕಾಣುವ ಕೋನ ಸರಿಸುಮಾರಾಗಿ ಸಿಗುತ್ತದೆ. 66 ಡಿಗ್ರಿಯ 30 ಪಟ್ಟಿನ ಐಪೀಸಿನಲ್ಲಿ ಅದು 2.2 ಡಿಗ್ರಿ, ಅಂದರೆ ನೂರು ಮೀಟರ್ ದೂರದಲ್ಲಿ ಸುಮಾರು 3.8 ಮೀಟರ್ ಅಗಲದ ಜಾಗ. ಜೂಮಿನ 60 ಪಟ್ಟಿನಲ್ಲಿ ಒಂದೇ ಡಿಗ್ರಿ, ಅಂದರೆ ಅದೇ ದೂರದಲ್ಲಿ 1.75 ಮೀಟರ್. ತಾವರೆ ಎಲೆಗಳ ಮೇಲೆ ಓಡಾಡುವ ದೇವನಕ್ಕಿಯನ್ನು ಒಂದೂಮುಕ್ಕಾಲು ಮೀಟರಿನ ಕಿಂಡಿಯಲ್ಲಿ ಹಿಂಬಾಲಿಸುವುದು ಎಷ್ಟು ಕಷ್ಟವೆಂದು ಒಮ್ಮೆ ಪ್ರಯತ್ನಿಸಿದವರಿಗೆ ಹೇಳಬೇಕಾಗಿಲ್ಲ.

ಬೆಳಕಿನ ಲೆಕ್ಕವನ್ನು ನೋಡೋಣ. ಸ್ಕೋಪಿನ ಮುಂದಿನ ಮಸೂರದ ವ್ಯಾಸವನ್ನು ಪಟ್ಟಿನಿಂದ ಭಾಗಿಸಿದಾಗ ಬರುವ ಅಂಕಿಯು ಐಪೀಸಿನ ಹಿಂದೆ ಮೂಡುವ ಬೆಳಕಿನ ಪುಟ್ಟ ಬಿಲ್ಲೆಯ ವ್ಯಾಸ. ವಿವರಪಟ್ಟಿಯಲ್ಲಿ ಇದನ್ನು ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. ಸ್ಕೋಪನ್ನು ಆಕಾಶದ ಕಡೆಗೆ (ಸೂರ್ಯನಿರುವ ಕಡೆಗೆ ಎಂದೆಂದಿಗೂ ಬೇಡ) ತಿರುಗಿಸಿ, ಒಂದು ಗೇಣು ಹಿಂದೆ ನಿಂತು ಐಪೀಸನ್ನು ನೋಡಿದರೆ ಆ ಬಿಲ್ಲೆ ಕಣ್ಣಿಗೇ ಕಾಣುತ್ತದೆ. 80 ಮಿ.ಮೀ. ಸ್ಕೋಪಿನಲ್ಲಿ 20 ಪಟ್ಟಿಗೆ ಅದು 4 ಮಿ.ಮೀ., 30 ಪಟ್ಟಿಗೆ 2.7, 60 ಪಟ್ಟಿಗೆ 1.3. ಎಫ್ 1.8ರ ಮೊಬೈಲ್ ಲೆನ್ಸಿನ ಬಾಯಿ ಹೆಚ್ಚುಕಡಿಮೆ 3 ಮಿ.ಮೀ. ಇರುವುದರಿಂದ, 30 ಪಟ್ಟಿನಲ್ಲಿ ಆ ಬಾಯಿ ಬಹುಪಾಲು ತುಂಬುತ್ತದೆ. 60ಕ್ಕೆ ಏರಿಸಿದಾಗ ಬರುವ ಬೆಳಕು 30ರಲ್ಲಿ ಬಂದದ್ದರ ಕಾಲು ಭಾಗಕ್ಕೆ ಇಳಿಯುತ್ತದೆ. ಸೆಕೆಂಡಿನ 400ನೆಯ ಒಂದು ಭಾಗದಲ್ಲಿ ತೆಗೆಯಬಹುದಾಗಿದ್ದ ಚಿತ್ರಕ್ಕೆ ಈಗ 100ನೆಯ ಒಂದು ಭಾಗ ಬೇಕಾಗುತ್ತದೆ. ಹಿಗ್ಗಿಸಿದಷ್ಟೂ ಅಲುಗಾಟವೂ ಹಿಗ್ಗುವುದರಿಂದ, ಬೇಕಾಗಿದ್ದದ್ದು ಇನ್ನಷ್ಟು ವೇಗ, ಸಿಕ್ಕಿದ್ದು ಇನ್ನಷ್ಟು ನಿಧಾನ. 65 ಮಿ.ಮೀ.ಯ ಹಗುರ ಸ್ಕೋಪ್ ಇರುವವರು ಈ ಕಾರಣಕ್ಕೆ 25 ಪಟ್ಟಿನ ಸುತ್ತಮುತ್ತಲೇ ಇರುವುದು ಉತ್ತಮ.

ಹೀಗೆಂದು 30 ಪಟ್ಟು ಸಾಲದು ಎಂಬ ಆತಂಕ ಬೇಡ. ಮೊಬೈಲಿನ 26 ಮಿ.ಮೀ. ಲೆನ್ಸಿಗೆ 30 ಪಟ್ಟು ಸೇರಿದರೆ 780 ಮಿ.ಮೀ. ಲೆನ್ಸಿಗೆ ಸಮ, ಮೂಲೆಯ ಕಪ್ಪು ಕಳೆಯಲು 1.3 ಜೂಮ್ ಮಾಡಿದಾಗ ಅದು ಸಾವಿರದ ಹತ್ತಿರ ಹೋಗುತ್ತದೆ. ಮುಕ್ಕಾಲು ಮೀಟರ್ ಉದ್ದದ ಹೆಬ್ಬಾತು ಮುನ್ನೂರು ಮೀಟರ್ ದೂರದಲ್ಲಿದ್ದರೂ ಆ ಚಿತ್ರದ ಕರ್ಣದ ಹದಿನೈದನೆಯ ಒಂದು ಭಾಗವನ್ನು ತುಂಬುತ್ತದೆ, ಗುಂಪಿನ ಚಿತ್ರಕ್ಕೆ ಅಷ್ಟು ಧಾರಾಳ.

ಅಲ್ಲದೆ, ಹೆಚ್ಚು ಪಟ್ಟು ಕೆಲಸಕ್ಕೆ ಬಾರದಂತೆ ಮಾಡುವ ಇನ್ನೊಂದು ಶಕ್ತಿ ನಮ್ಮ ಸೀಮೆಯಲ್ಲಿದೆ: ಬಿಸಿಲು. ನೆಲ ಕಾದಂತೆ ಏಳುವ ಬಿಸಿಗಾಳಿಯ ಅಲೆಗಳು ದೂರದ ಹಕ್ಕಿಯನ್ನು ನೀರಿನೊಳಗಿನ ಪ್ರತಿಬಿಂಬದಂತೆ ಅಲುಗಿಸುತ್ತವೆ, ಐಪೀಸ್ ಆ ಅಲುಗಾಟವನ್ನೂ ಅಷ್ಟೇ ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಕೃಷ್ಣರಾಜಸಾಗರದ ಹಿನ್ನೀರಿನ ಬಯಲಿನಲ್ಲಿ ಫೆಬ್ರವರಿ ಕಳೆದ ಮೇಲೆ ಬೆಳಿಗ್ಗೆ ಒಂಬತ್ತೂವರೆ ದಾಟಿತೆಂದರೆ 40 ಪಟ್ಟಿಗಿಂತ ಮೇಲೆ ತೆಗೆದ ಒಂದು ಚಿತ್ರವೂ ನನಗೆ ಉಳಿಸಿಕೊಳ್ಳುವಂತೆ ಬಂದದ್ದಿಲ್ಲ. ಹದಿನಾರಿನ ಹೆಬ್ಬಾತುಗಳು ರಾತ್ರಿ ಮತ್ತು ನಸುಕಿನಲ್ಲಿ ಹೊಲಗದ್ದೆಗಳಲ್ಲಿ ಮೇಯ್ದು ಹಗಲು ಕೆರೆಯಲ್ಲಿ ವಿಶ್ರಮಿಸುವಂಥವು, ಅಂದರೆ ಅವು ನೀರಿನಲ್ಲಿ ನೆಮ್ಮದಿಯಾಗಿ ಸಿಗುವ ಹೊತ್ತೇ ಗಾಳಿ ಕುದಿಯುವ ಹೊತ್ತು. ಇದಕ್ಕೆ ಯಾವ ದುಬಾರಿ ಐಪೀಸಿನಲ್ಲೂ ಮದ್ದಿಲ್ಲ. ಪಟ್ಟು ಇಳಿಸಬೇಕು, ಇಲ್ಲವೇ ಮೋಡದ ದಿನಕ್ಕೆ ಕಾಯಬೇಕು.

ವಿವರಪಟ್ಟಿಯಲ್ಲಿ ಎಲ್ಲರೂ ದಾಟಿಹೋಗುವ ಅಂಕಿ ಐ ರಿಲೀಫ್. ಐಪೀಸಿನ ಕೊನೆಯ ಗಾಜಿನಿಂದ ಎಷ್ಟು ಹಿಂದೆ ಆ ಬೆಳಕಿನ ಬಿಲ್ಲೆ ಮೂಡುತ್ತದೆ ಎಂಬುದರ ಅಳತೆ ಇದು. ಮೊಬೈಲಿನ ಲೆನ್ಸ್ ಸರಿಯಾಗಿ ಆ ಜಾಗದಲ್ಲಿ ಕೂತಾಗ ಮಾತ್ರ ಪೂರ್ಣ ವೃತ್ತ ಸಿಗುತ್ತದೆ. ಹತ್ತಿರವಾದರೂ ದೂರವಾದರೂ ಅಂಚಿನಿಂದ ಕಪ್ಪು ನುಗ್ಗುತ್ತದೆ, ಪಕ್ಕಕ್ಕೆ ಎರಡು ಮಿಲಿಮೀಟರ್ ಸರಿದರೂ ಒಂದು ಬದಿ ಹುಣ್ಣಿಮೆ ಕಳೆದ ಚಂದ್ರನಂತೆ ಸವೆಯುತ್ತದೆ. ಐ ರಿಲೀಫ್ 12 ಮಿ.ಮೀ.ಗಿಂತ ಕಡಿಮೆಯಿದ್ದರೆ, ರಬ್ಬರಿನ ಕಣ್ಬಟ್ಟಲು, ಮೊಬೈಲಿನ ಹೊದಿಕೆ, ಮೊಬೈಲನ್ನು ಐಪೀಸಿಗೆ ಬಿಗಿಯುವ ಅಡಾಪ್ಟರಿನ ದಪ್ಪ ಇವೆಲ್ಲ ಸೇರಿ ಲೆನ್ಸನ್ನು ಆ ಜಾಗದವರೆಗೆ ತಲುಪಲು ಬಿಡುವುದಿಲ್ಲ. 17ರಿಂದ 20 ಮಿ.ಮೀ. ಇದ್ದರೆ ಕಣ್ಬಟ್ಟಲನ್ನು ತಿರುಗಿಸಿ ಏರಿಸಿ ಇಳಿಸಿ ಹೊಂದಿಸಿಕೊಳ್ಳಲು ಜಾಗವಿರುತ್ತದೆ. ಕನ್ನಡಕ ಹಾಕುವವರಿಗೆ ಮೊಬೈಲಿಲ್ಲದೆ ನೋಡಲೂ ಇದೇ ಅಳತೆ ಹಿತ. ಜೂಮ್ ಐಪೀಸುಗಳಲ್ಲಿ ತಿರುಗಿಸಿದಂತೆ ಈ ಅಂತರವೂ ಬದಲಾಗುವುದುಂಟು, ಆದ್ದರಿಂದ 25 ಪಟ್ಟಿಗೆ ಕೂರಿಸಿದ ಅಡಾಪ್ಟರ್ 50ಕ್ಕೆ ಹೋದಾಗ ಹೊಂದದೆ ಪುನಃ ಸರಿಪಡಿಸಬೇಕಾಗಬಹುದು. ಕೆಲವು ಅಗ್ಗದ ಜೂಮ್‌ಗಳಲ್ಲಿ ಹೊರಗಿನ ಕವಚವೇ ತಿರುಗುವುದರಿಂದ, ಅದಕ್ಕೆ ಬಿಗಿದ ಮೊಬೈಲೂ ಜೊತೆಗೆ ತಿರುಗಿ ಕೆರೆಯ ನೀರು ಓರೆಯಾಗಿ ನಿಲ್ಲುತ್ತದೆ. ಅಂಗಡಿಯಲ್ಲಿ ಇದನ್ನೊಮ್ಮೆ ತಿರುಗಿಸಿಯೇ ನೋಡಿ.

ಹಾಗಾದರೆ ಜೂಮ್ ಬೇಡವೇ ಬೇಡವೇ? ಹಕ್ಕಿಗಳನ್ನು ಗುರುತಿಸುವುದು, ಎಣಿಸುವುದು ಮುಖ್ಯವಾಗಿದ್ದು ಚಿತ್ರವು ದಾಖಲೆಗೆ ಮಾತ್ರ ಎನ್ನುವವರಿಗೆ ಜೂಮ್ ಐಪೀಸೇ ಅನುಕೂಲ. ಅವರು 20–60ರ ಬದಲು 25–50 ಅಥವಾ 25–60ರ ಅಗಲ ನೋಟದ ಜೂಮ್ ಹುಡುಕಲಿ, ಇವುಗಳಲ್ಲಿ ಕಡಿಮೆ ಪಟ್ಟಿನ ತುದಿಯಲ್ಲಿಯೇ 55–60 ಡಿಗ್ರಿ ಸಿಗುವಂಥವು ಇವೆ. ಬೆಲೆ ಮಾತ್ರ ಕೈ ಸುಡುತ್ತದೆ. ಚಿತ್ರವೇ ಮುಖ್ಯ ಎನ್ನುವವರಿಗೆ ನನ್ನ ಸಲಹೆ ನೇರ: 25ರಿಂದ 30 ಪಟ್ಟಿನೊಳಗಿನ, 65 ಡಿಗ್ರಿಗೆ ಕಡಿಮೆಯಿಲ್ಲದ, ಐ ರಿಲೀಫ್ 17 ಮಿ.ಮೀ. ದಾಟಿದ ಸ್ಥಿರ ಐಪೀಸ್ ಕೊಳ್ಳಿ. ಒಳಗೆ ಚಲಿಸುವ ಗಾಜುಗಳಿಲ್ಲದ ಕಾರಣ ಅದೇ ಬೆಲೆಯ ಜೂಮಿಗಿಂತ ಇದರ ಚಿತ್ರ ಸಾಮಾನ್ಯವಾಗಿ ಚೊಕ್ಕಟವಾಗಿರುತ್ತದೆ, ಮತ್ತು ಒಮ್ಮೆ ಅಡಾಪ್ಟರ್ ಹೊಂದಿಸಿದರೆ ಮತ್ತೆ ಮುಟ್ಟಬೇಕಾಗಿಲ್ಲ.

ಕೆಲವು ಸ್ಕೋಪುಗಳು 1.25 ಇಂಚಿನ, ಅಂದರೆ ಸುಮಾರು 31.7 ಮಿ.ಮೀ. ಕೊಳವೆಯ ಖಗೋಳ ದೂರದರ್ಶಕದ ಐಪೀಸುಗಳನ್ನು ಸ್ವೀಕರಿಸುತ್ತವೆ. ಇದು ಕಡಿಮೆ ಖರ್ಚಿನಲ್ಲಿ ಅಗಲ ನೋಟ ಪಡೆಯುವ ದಾರಿ. ಸ್ಕೋಪಿನ ನಾಭಿದೂರವನ್ನು ಐಪೀಸಿನ ನಾಭಿದೂರದಿಂದ ಭಾಗಿಸಿದರೆ ಪಟ್ಟು ಸಿಗುತ್ತದೆ: 480 ಮಿ.ಮೀ. ಸ್ಕೋಪಿಗೆ 16 ಮಿ.ಮೀ. ಐಪೀಸ್ ಹಾಕಿದರೆ 30. ಆದರೆ ಎಲ್ಲ ಐಪೀಸುಗಳೂ ಬಹುದೂರದ ವಸ್ತುವಿಗೆ ಫೋಕಸ್ ಆಗುತ್ತವೆಂಬ ಭರವಸೆಯಿಲ್ಲ, ಹೆಚ್ಚಿನವುಗಳಲ್ಲಿ ತೇವ ನುಗ್ಗದಂತೆ ಮುಚ್ಚುಗೆಯೂ ಇರುವುದಿಲ್ಲ. ಸ್ಕೋಪನ್ನು ಜೊತೆಗೊಯ್ದು ಹಾಕಿ ನೋಡದೆ ಇವನ್ನು ಕೊಳ್ಳಬಾರದು.

ಮೊಬೈಲ್ ಬದಲು ಕನ್ನಡಿಯಿಲ್ಲದ (ಮಿರರ್‌ಲೆಸ್) ದೊಡ್ಡ ಕ್ಯಾಮೆರಾ ಜೋಡಿಸಬಯಸುವವರಿಗೆ ಒಂದು ಎಚ್ಚರಿಕೆ. ಅವರ ಕ್ಯಾಮೆರಾದ ಜೂಮ್ ಲೆನ್ಸುಗಳಲ್ಲಿ ಬೆಳಕಿನ ಬಾಯಿ ಗಾಜಿನ ಬಹಳ ಒಳಗಿರುವುದರಿಂದ ಐಪೀಸಿನ ಬಿಲ್ಲೆ ಅಲ್ಲಿಗೆ ತಲುಪುವುದಿಲ್ಲ. 40 ಅಥವಾ 50 ಮಿ.ಮೀ.ಯ ಗಿಡ್ಡ ಸ್ಥಿರ ಲೆನ್ಸ್ ಬೇಕು. ಪೂರ್ಣ ಫ್ರೇಮಿನ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸಿಗೆ 80 ಮಿ.ಮೀ. ಸ್ಕೋಪಿನ 30 ಪಟ್ಟು ಸೇರಿದರೆ 1500 ಮಿ.ಮೀ. ಲೆನ್ಸ್ ಆಗುತ್ತದೆ, ಆದರೆ ಅದರ ಎಫ್ ಅಂಕಿ 19ರ ಹತ್ತಿರ, ಅಂದರೆ ಒಳಬರುವ ಬೆಳಕು ಬಹಳ ಕಡಿಮೆ. ಈ ತೊಡಕಿಗಿಂತ ಮೊಬೈಲೇ ವಾಸಿ ಎಂದು ನನ್ನ ಮಟ್ಟಿಗೆ ತೀರ್ಮಾನಿಸಿಬಿಟ್ಟಿದ್ದೇನೆ.

ಮೊಬೈಲಿನಲ್ಲಿಯೂ ಮೂರು ಕ್ಯಾಮೆರಾಗಳಿದ್ದರೆ ಮುಖ್ಯ ಕ್ಯಾಮೆರಾವನ್ನೇ ಬಳಸಬೇಕು. ಸ್ವಯಂಚಾಲಿತ ವಿಧಾನದಲ್ಲಿ ಬಿಟ್ಟರೆ, ಬೆಳಕು ಕಡಿಮೆಯಾದ ಕೂಡಲೇ ಮೊಬೈಲ್ ನಮಗೆ ಹೇಳದೆಯೇ ಒಂದರಿಂದ ಇನ್ನೊಂದಕ್ಕೆ ಹಾರಿ, ಪರದೆ ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ. ಪ್ರೊ ವಿಧಾನಕ್ಕೆ ಹೋಗಿ ಮುಖ್ಯ ಕ್ಯಾಮೆರಾವನ್ನು ಆರಿಸಿ, ಹಕ್ಕಿಯ ಮೇಲೆ ಬೆರಳೊತ್ತಿ ಫೋಕಸ್ ಮತ್ತು ಬೆಳಕನ್ನು ಬಂಧಿಸಿ, ಎರಡು ಸೆಕೆಂಡಿನ ಟೈಮರ್ ಇಲ್ಲವೇ ಬ್ಲೂಟೂತ್ ಗುಂಡಿಯಿಂದ ಚಿತ್ರ ತೆಗೆಯಿರಿ. ಬಿಳಿ ಬೆಳ್ಳಕ್ಕಿಯಾದರೆ ಬೆಳಕನ್ನು ಒಂದಷ್ಟು ಇಳಿಸಿ, ಇಲ್ಲದಿದ್ದರೆ ಗರಿಗಳ ಗೆರೆ ಸುಣ್ಣ ಬಳಿದಂತೆ ಅಳಿಸಿಹೋಗುತ್ತದೆ.

ಯಾವ ಜಾಗಕ್ಕೆ ಯಾವ ಪಟ್ಟು ಎಂಬುದೂ ಆಯ್ಕೆಯ ಭಾಗವೇ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಮೂವತ್ತು ಮೀಟರ್ ದೂರದಲ್ಲಿ 30 ಪಟ್ಟಿನ ಅಗಲ ನೋಟದ ಐಪೀಸೂ ಒಂದೂಕಾಲು ಮೀಟರಿಗಿಂತ ಕಡಿಮೆ ಜಾಗವನ್ನು ತೋರಿಸುವುದರಿಂದ, ಒಂದು ಪೂರ್ತಿ ಹೆಜ್ಜಾರ್ಲೆ ಅದರಲ್ಲಿ ಹಿಡಿಸುವುದಿಲ್ಲ. ಅಲ್ಲಿ ಸ್ಕೋಪ್ ಬೇಕಾಗುವುದು ಮರಿಯ ಮುಖಕ್ಕೆ, ಕೊಕ್ಕಿನ ಕೆಳಗಿನ ಚೀಲಕ್ಕೆ ಮಾತ್ರ. ಮರದ ಬುಡದಲ್ಲಿ ಗುಂಪುಗೂಡದೆ ದೂರದಿಂದ ತೆಗೆಯಲು ಬರುವುದೂ ಒಂದು ಲಾಭ. ಸಾಲಿಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ರಂಗನತಿಟ್ಟಿನಲ್ಲಿ ದೋಣಿ ಹತ್ತುವವರು ಸ್ಕೋಪನ್ನು ದಡದಲ್ಲಿಯೇ ಬಿಡಬೇಕು, ತೂಗುವ ದೋಣಿಯಲ್ಲಿ 20 ಪಟ್ಟೂ ನಿಲ್ಲುವುದಿಲ್ಲ. ದಡದ ದಾರಿಯಲ್ಲಿ ಟ್ರೈಪಾಡ್ ಊರಿ, ನಡುಗಡ್ಡೆಯ ಬಂಡೆಗಳ ಮೇಲಿನ ನದಿ ರೀವಗಳನ್ನೋ ಚಮಚದ ಕೊಕ್ಕುಗಳನ್ನೋ 25–30 ಪಟ್ಟಿನಲ್ಲಿ ಸಾವಧಾನವಾಗಿ ತೆಗೆಯಬಹುದು. 40 ದಾಟಿದ ಪಟ್ಟು ನಿಜವಾಗಿ ಉಪಯೋಗಕ್ಕೆ ಬರುವುದು ಹದಿನಾರು ಕೆರೆಯಂಥ ಬಯಲು ನೀರಿನಲ್ಲಿ, ಅದೂ ಸೂರ್ಯ ಹುಟ್ಟಿದ ಮೊದಲ ಗಂಟೆಯಲ್ಲಿ.

ಕೊಳ್ಳುವ ದಿನ ನಿಮ್ಮ ಮೊಬೈಲನ್ನು, ಅದರ ಹೊದಿಕೆಯ ಸಮೇತ, ಅಂಗಡಿಗೆ ಒಯ್ಯಿರಿ. ಅಡಾಪ್ಟರ್ ಇದ್ದರೆ ಅದನ್ನೂ. ಬಿಳಿ ಗೋಡೆಗೆ ಗುರಿಯಿಟ್ಟು ಮೊಬೈಲನ್ನು ಜೂಮ್ ಮಾಡುತ್ತ ಹೋಗಿ, ಮೂಲೆಗಳ ಕಪ್ಪು ಯಾವ ಅಂಕಿಗೆ ಮಾಯವಾಗುತ್ತದೆಂದು ಬರೆದುಕೊಳ್ಳಿ: 1.5ರೊಳಗಿದ್ದರೆ ಒಳ್ಳೆಯದು, 2 ದಾಟಿದರೆ ಆ ಐಪೀಸ್ ಚಿತ್ರಕ್ಕಲ್ಲ. ಅನಂತರ ಬೀದಿಯಾಚೆಯ ದೂರದ ಫಲಕವೊಂದನ್ನು ಫೋಕಸ್ ಮಾಡಿ ಚಿತ್ರ ತೆಗೆದು, ನಡುವಿನ ಅಕ್ಷರಗಳಷ್ಟೇ ಅಲ್ಲದೆ ಅಂಚಿನ ಅಕ್ಷರಗಳೂ ಓದಲು ಬರುತ್ತವೆಯೇ ನೋಡಿ. ಆಕಾಶದ ಎದುರಿನ ಕರೆಂಟು ತಂತಿಯ ಚಿತ್ರದಲ್ಲಿ ನೇರಳೆ ಅಥವಾ ಹಸಿರು ಗೆರೆ ದಪ್ಪನಾಗಿ ಅಂಟಿಕೊಂಡಿದ್ದರೆ, ನಾಳೆ ನೀರುಕಾಗೆಯ ರೆಕ್ಕೆಯಂಚಿನಲ್ಲಿಯೂ ಅದೇ ಗೆರೆ ಇರುತ್ತದೆ. ಈ ದೋಷ ಹೆಚ್ಚಾಗಿ ಸ್ಕೋಪಿನ ಮುಂದಿನ ಮಸೂರದ್ದು, ಐಪೀಸ್ ಬದಲಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಗಡಿಯವರು ಒಪ್ಪಿದರೆ ಹಿಂದಿರುಗಿಸುವ ಅವಧಿಯೊಂದನ್ನು ಬಿಲ್ಲಿನ ಮೇಲೆ ಬರೆಸಿಕೊಂಡು, ಮರುದಿನ ನಸುಕಿನಲ್ಲಿ ಕುಕ್ಕರಹಳ್ಳಿ ಏರಿಯ ಮೇಲೆ ಇದೇ ಪರೀಕ್ಷೆಯನ್ನು ಹಕ್ಕಿಯ ಮೇಲೆ ಮಾಡಿ. ಆರೂವರೆಯ ಮಂದ ಬೆಳಕಿನಲ್ಲಿ ನಡುಗಡ್ಡೆಯ ನೀರುಕಾಗೆಯ ಹಸಿರು ಕಣ್ಣು ಮೊಬೈಲಿನ ಪರದೆಯ ಮೇಲೆ ಹಸಿರಾಗಿಯೇ ಕಂಡರೆ, ಬಿಲ್ಲನ್ನು ಎತ್ತಿಡಬಹುದು.